ತಂತ್ರಾಂಶದ ಸವಕಳಿ: ವಿನ್ಯಾಸದ ದೋಷ ಮತ್ತು ವರ್ತಕರ ಲೆಕ್ಕಪತ್ರ

ಆಳಂದ ತಾಲ್ಲೂಕಿನ ಹೋಬಳಿ ಕೇಂದ್ರವಾದ ಖಜೂರಿಯು ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿರುವ ಊರು. ತೊಗರಿಯ ಕಣಜವೆಂದು ಹೆಸರಾದ ಕಲಬುರಗಿ ಜಿಲ್ಲೆಯ ಈ ಅಂಚಿನಲ್ಲಿ ವ್ಯಾಪಾರವು ರಾಜ್ಯದ ಗೆರೆಯನ್ನು ಅಷ್ಟಾಗಿ ಎಣಿಸುವುದಿಲ್ಲ. ಮಾಲು ಆಳಂದ, ಕಲಬುರಗಿಯ ಕಡೆಗೂ ಹೋಗುತ್ತದೆ, ಉಮರ್ಗಾದ ಕಡೆಗೂ ಹೋಗುತ್ತದೆ. ಆದರೆ ಲೆಕ್ಕಪತ್ರವು ಆ ಗೆರೆಯನ್ನು ಎಣಿಸಲೇಬೇಕು. ಗೆರೆಯ ಈಚೆ ಮಾರಿದರೆ ಒಂದು ತೆರಿಗೆ, ಆಚೆ ಮಾರಿದರೆ ಇನ್ನೊಂದು.

ಇಂಥ ಊರಿನ ಒಬ್ಬ ಬೇಳೆ ವರ್ತಕರನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅವರು 2003ರ ಸುಮಾರಿಗೆ ಪರಿಚಯದ ತಂತ್ರಜ್ಞರೊಬ್ಬರಿಂದ ಬಿಲ್ಲು ಮತ್ತು ಖಾತೆಗಳ ತಂತ್ರಾಂಶವೊಂದನ್ನು ಬರೆಸಿಕೊಂಡರು. ಆರಂಭದಲ್ಲಿ ಅದು ಚೊಕ್ಕಟವಾಗಿ ನಡೆಯಿತು. ಬದಲಾವಣೆ ಬೇಕೆಂದಾಗ ಒಂದು ದಿನದಲ್ಲಿ ಆಗುತ್ತಿತ್ತು. ಹತ್ತು ವರ್ಷಗಳ ನಂತರ ಅಂಥದೇ ಬದಲಾವಣೆಗೆ ಒಂದು ವಾರ ಹಿಡಿಯತೊಡಗಿತು. ಇಪ್ಪತ್ತು ವರ್ಷಗಳ ಹೊತ್ತಿಗೆ ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುವ ಸ್ಥಿತಿ ಬಂದಿತು. ತಂತ್ರಾಂಶವು ಕಬ್ಬಿಣವಲ್ಲ, ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಅದರ ಒಂದು ಅಕ್ಷರವೂ ತಾನಾಗಿ ಅಳಿಸಿಹೋಗುವುದಿಲ್ಲ. ಹಾಗಿದ್ದರೂ ಅದು ಸವೆಯುವುದೇಕೆ? ವರ್ಷವರ್ಷವೂ ದುರಸ್ತಿಯ ವೆಚ್ಚ ಏರುವುದೇಕೆ? ಈ ಪ್ರಶ್ನೆಗಳಿಗೆ ಉತ್ತರವನ್ನು ತಿಳಿದಿರುವುದು ಗಣಕ ತಜ್ಞರಿಗಿಂತ ಹಣ ಕೊಡುವ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಹೆಚ್ಚು ಅವಶ್ಯ.

ವಿನ್ಯಾಸವೆಂದರೇನು?

ದಾಲ್ ಮಿಲ್ಲನ್ನು ಕಟ್ಟುವಾಗ ಮೊದಲು ನಿರ್ಧರಿಸಬೇಕಾದುದು ಯಂತ್ರಗಳ ಬಣ್ಣವನ್ನಲ್ಲ. ಕಾಳು ಎಲ್ಲಿಂದ ಒಳಬರಬೇಕು, ಎಲ್ಲಿ ಸ್ವಚ್ಛವಾಗಬೇಕು, ಎಲ್ಲಿ ಒಣಗಬೇಕು, ಬೇಳೆ ಯಾವ ಬಾಗಿಲಿನಿಂದ ಹೊರಹೋಗಬೇಕು ಎಂಬುದನ್ನು. ಈ ನಿರ್ಧಾರಗಳು ಒಮ್ಮೆ ಗಾರೆಯಲ್ಲಿ ಕೂತ ಮೇಲೆ ಬದಲಾಯಿಸುವುದು ದುಬಾರಿ. ತಂತ್ರಾಂಶದಲ್ಲಿಯೂ ಹೀಗೆಯೇ. ಪರದೆಯ ಮೇಲೆ ಕಾಣುವ ನಮೂನೆಯು ಮೇಲಿನ ಸುಣ್ಣ ಮಾತ್ರ. ಮಾಹಿತಿಯನ್ನು ಯಾವ ಯಾವ ಕೋಷ್ಟಕಗಳಲ್ಲಿ ಇಡಬೇಕು, ಯಾವ ಲೆಕ್ಕ ಎಲ್ಲಿ ನಡೆಯಬೇಕು, ಒಂದು ಭಾಗವು ಇನ್ನೊಂದನ್ನು ಎಷ್ಟರಮಟ್ಟಿಗೆ ಅವಲಂಬಿಸಬೇಕು ಎಂಬ ಆರಂಭದ ನಿರ್ಧಾರಗಳೇ ಅದರ ವಿನ್ಯಾಸ.

ಕೇಡು ಎರಡು ಬಗೆಯಲ್ಲಿ ಬರುತ್ತದೆ. ಮೊದಲನೆಯದು ಹುಟ್ಟಿನಿಂದ ಬಂದ ದೋಷ: ಆರಂಭದಲ್ಲಿಯೇ ಮಾಡಿಕೊಂಡ ತಪ್ಪು ಎಣಿಕೆ. ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟುದರಿಂದ 2000ನೆಯ ಇಸವಿಯ ಹೊಸ್ತಿಲಲ್ಲಿ ಜಗತ್ತಿನಾದ್ಯಂತ ದುರಸ್ತಿಯ ಕಾರ್ಯ ನಡೆಯಬೇಕಾಗಿ ಬಂದುದು ಇದರ ಪ್ರಸಿದ್ಧ ನಿದರ್ಶನ. ಎರಡನೆಯದು ಕ್ರಮೇಣದ ಸವಕಳಿ: ಆರಂಭದ ವಿನ್ಯಾಸ ಸರಿಯಾಗಿಯೇ ಇದ್ದರೂ, ಅದನ್ನು ಅರಿಯದೆ ಅಥವಾ ಅವಸರದಲ್ಲಿ ಮಾಡಿದ ಬದಲಾವಣೆಗಳು ಒಂದರ ಮೇಲೊಂದು ಕೂತು ಕಟ್ಟಡವನ್ನೇ ವಾಲಿಸುವುದು.

ಗುಲ್ಬರ್ಗದ 1991ರ ಪಾಠ

ಹುಟ್ಟಿನ ದೋಷಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಕರ್ನಾಟಕದಲ್ಲಿ ಭೂದಾಖಲೆಗಳ ಗಣಕೀಕರಣದ ಮೊದಲ ಪ್ರಾಯೋಗಿಕ ಯೋಜನೆಯು ಕೇಂದ್ರ ಸರ್ಕಾರದ ನೆರವಿನಿಂದ 1991ರಲ್ಲಿ ಆರಂಭವಾದುದು ಅಂದಿನ ಗುಲ್ಬರ್ಗ ಜಿಲ್ಲೆಯಲ್ಲಿಯೇ. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಗಿತ್ತು. ಆದರೆ ತಾಲ್ಲೂಕು ಮಟ್ಟದಲ್ಲಿ ಗಣಕಯಂತ್ರ ಸ್ಥಾಪಿಸುವ ಅವಕಾಶವನ್ನು ಯೋಜನೆಯಲ್ಲಿ ಕಲ್ಪಿಸಿರಲಿಲ್ಲ. ಪಹಣಿಯ ಬದಲಾವಣೆಗಳಾದರೋ ನಡೆಯುತ್ತಿದ್ದುದು ತಾಲ್ಲೂಕಿನಲ್ಲಿ, ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿ. ಮಾರಾಟ, ವಾರಸು, ಪಾಲುಪಟ್ಟಿಗಳೆಲ್ಲವೂ ಕಾಗದದಲ್ಲಿ ಮುಂದುವರಿಯುವಾಗ ಗಣಕದಲ್ಲಿ ಒಮ್ಮೆ ತುಂಬಿದ ಮಾಹಿತಿಯು ಹಳೆಯದಾಗುವುದು ಅನಿವಾರ್ಯ. ಇಲ್ಲಿ ಯಂತ್ರ ಕೆಟ್ಟಿರಲಿಲ್ಲ, ಸೂಚನೆಗಳೂ ತಪ್ಪಿರಲಿಲ್ಲ. ಮಾಹಿತಿ ಹುಟ್ಟುವ ಸ್ಥಳ ಒಂದು, ಅದನ್ನು ಇಟ್ಟ ಸ್ಥಳ ಇನ್ನೊಂದು ಎಂಬುದೇ ದೋಷವಾಗಿತ್ತು.

ಮುಂದೆ ಬಂದ ‘ಭೂಮಿ’ ಯೋಜನೆಯು ಈ ದೋಷವನ್ನು ಮೂಲದಲ್ಲಿಯೇ ತಿದ್ದಿತು. ಗಣಕಯಂತ್ರಗಳನ್ನು ತಾಲ್ಲೂಕು ಕಚೇರಿಗಳಲ್ಲಿಯೇ ಇರಿಸಲಾಯಿತು. ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ಅದಕ್ಕಿಂತ ಮುಖ್ಯವಾದ ಕ್ರಮವೆಂದರೆ, ತಾಲ್ಲೂಕಿನಲ್ಲಿ ಗಣಕೀಕೃತ ಪಹಣಿ ಆರಂಭವಾದೊಡನೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸಾರಿದುದು. ಎರಡು ಪುಸ್ತಕಗಳಿರುವತನಕ ಯಾವುದು ನಿಜವೆಂಬ ಜಗಳ ತಪ್ಪದು ಎಂಬ ತಿಳಿವಳಿಕೆ ಇದರ ಹಿಂದೆ ಇದ್ದಿತು. ಮಾಹಿತಿಯನ್ನು ತಿದ್ದುವ ಸಿಬ್ಬಂದಿಯ ಬೆರಳಚ್ಚನ್ನು ಪರೀಕ್ಷಿಸಿ, ಯಾರು ತಿದ್ದಿದರೆಂಬುದು ದಾಖಲಾಗುವಂತೆ ಮಾಡಲಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡುವ ನಿಯಮವನ್ನೂ ತಂತ್ರಾಂಶದೊಳಗೇ ಅಳವಡಿಸಲಾಯಿತು.

ಅಂಗಡಿಯ ಲೆಕ್ಕಕ್ಕೂ ಇದೇ ಪಾಠ ಅನ್ವಯಿಸುತ್ತದೆ. ಗೋದಾಮಿನಲ್ಲಿ ಚೀಲಗಳ ಲೆಕ್ಕ ಒಂದು ಕಾಗದದಲ್ಲಿ, ಅಂಗಡಿಯ ಗಣಕದಲ್ಲಿ ದಾಸ್ತಾನು ಇನ್ನೊಂದು, ಲೆಕ್ಕಪರಿಶೋಧಕರ ಬಳಿ ಮೂರನೆಯದು ಎಂಬ ಏರ್ಪಾಡು 1991ರ ಯೋಜನೆಯ ದೋಷವನ್ನೇ ಸಣ್ಣ ಪ್ರಮಾಣದಲ್ಲಿ ಮರುಕಳಿಸುತ್ತದೆ. ಎಷ್ಟು ಒಳ್ಳೆಯ ತಂತ್ರಾಂಶವನ್ನು ಕೊಂಡರೂ ವರ್ಷಾಂತ್ಯದಲ್ಲಿ ಲೆಕ್ಕ ತಾಳೆಯಾಗುವುದಿಲ್ಲ.

ತೇಪೆಯ ಮೇಲೆ ತೇಪೆ

ಇನ್ನು ಕ್ರಮೇಣದ ಸವಕಳಿಯ ವಿಚಾರ. ಖಜೂರಿಯ ಕಲ್ಪಿತ ವರ್ತಕರ ತಂತ್ರಾಂಶವು 2003ರಿಂದ ಎದುರಿಸಬೇಕಾದ ಬದಲಾವಣೆಗಳನ್ನು ಸಾಲಾಗಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ.

1-4-2005ರಂದು ಕರ್ನಾಟಕದಲ್ಲಿ ಮಾರಾಟ ತೆರಿಗೆಯ ಬದಲು ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಿತು. ಕೊಂಡಾಗ ತೆತ್ತ ತೆರಿಗೆಯನ್ನು ಮಾರಿದಾಗ ಕಳೆಯುವ ಹೊಸ ಲೆಕ್ಕವನ್ನು ಸೇರಿಸಬೇಕಾಯಿತು. ರಾಜ್ಯದಾಚೆ ಮಾರಿದ ಮಾಲಿನ ಕೇಂದ್ರ ಮಾರಾಟ ತೆರಿಗೆಯ ದರವು ಶೇ. 4ರಿಂದ 1-4-2007ರಂದು ಶೇ. 3ಕ್ಕೂ, 1-6-2008ರಂದು ಶೇ. 2ಕ್ಕೂ ಇಳಿಯಿತು. 30-12-2009ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. 1-11-2014ರಂದು ಗುಲ್ಬರ್ಗ ಎಂಬ ಹೆಸರು ಕಲಬುರಗಿ ಎಂದಾಯಿತು. 1-7-2017ರಂದು ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ ಬಂದು ಹಿಂದಿನ ತೆರಿಗೆಗಳ ಲೆಕ್ಕವನ್ನೇ ಮಗುಚಿತು. ಅಂತರರಾಜ್ಯ ಸಾಗಣೆಯ ಇ-ವೇ ಬಿಲ್ಲನ್ನು ದೇಶದಾದ್ಯಂತ 1-2-2018ರಂದು ಕಡ್ಡಾಯಗೊಳಿಸಲು ಹೊರಟಾಗ ಮೊದಲ ದಿನವೇ ಜಾಲತಾಣ ಸ್ಥಗಿತಗೊಂಡುದರಿಂದ ಅದನ್ನು ಮುಂದೂಡಿ 1-4-2018ರಿಂದ ಜಾರಿಗೊಳಿಸಲಾಯಿತು. 2020ರಲ್ಲಿ ರಾಜ್ಯದ ಎಪಿಎಂಸಿ ಮಾರುಕಟ್ಟೆ ಶುಲ್ಕದ ದರ ಒಂದಕ್ಕಿಂತ ಹೆಚ್ಚು ಬಾರಿ ಬದಲಾಯಿತು. 1-4-2021ರಿಂದ ಬಿಲ್ಲುಗಳಲ್ಲಿ ಸರಕಿನ ಎಚ್‌ಎಸ್‌ಎನ್ ಸಂಕೇತದ ನಿಯಮ ಬಿಗಿಯಾಯಿತು. 1-8-2023ರಿಂದ 5 ಕೋಟಿ ರೂಪಾಯಿಗೂ ಮಿಗಿಲಾದ ವಾರ್ಷಿಕ ವಹಿವಾಟಿನವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. 22-9-2025ರಿಂದ ಬಹುತೇಕ ಸರಕುಗಳಿಗೆ ಶೇ. 5 ಮತ್ತು ಶೇ. 18 ಎಂಬ ಎರಡೇ ಮುಖ್ಯ ದರಗಳು ಉಳಿದು, ಕೆಲವು ಸರಕುಗಳಿಗೆ ಶೇ. 40ರ ದರ ಗೊತ್ತಾಯಿತು.

ಇವುಗಳಲ್ಲಿ ಒಂದಾದರೂ ವರ್ತಕರ ತಪ್ಪಲ್ಲ. ತಂತ್ರಾಂಶ ಬರೆದವರ ತಪ್ಪೂ ಅಲ್ಲ. ಆದರೆ ಪ್ರತಿ ಬದಲಾವಣೆಯೂ ಜಾರಿಗೆ ಬರುವ ದಿನಾಂಕವನ್ನು ಹೊತ್ತು ಬರುತ್ತದೆ. ಅವಸರದಲ್ಲಿ ತಂತ್ರಜ್ಞರು ಮಾಡುವ ಸುಲಭದ ಕೆಲಸವೆಂದರೆ, ಇದ್ದ ಸೂಚನೆಗಳ ನಡುವೆ ‘ಇಂಥ ದಿನದ ನಂತರವಾದರೆ ಹೀಗೆ ಮಾಡು’ ಎಂಬ ಒಂದು ಸಾಲನ್ನು ತುರುಕುವುದು. ಬಿಲ್ಲು ಮುದ್ರಿಸುವಲ್ಲಿ ಒಂದು ಸಾಲು, ಖಾತೆಗೆ ಏರಿಸುವಲ್ಲಿ ಒಂದು, ತಿಂಗಳ ತಖ್ತೆಯಲ್ಲಿ ಒಂದು. ಮುಂದಿನ ಬದಲಾವಣೆಗೆ ಬಂದವರು ಈ ಮೂರರಲ್ಲಿ ಎರಡನ್ನು ಕಂಡು ಮೂರನೆಯದನ್ನು ಕಾಣದೆ ಹೋಗುತ್ತಾರೆ. ಬಿಲ್ಲಿನಲ್ಲಿ ಹೊಸ ದರ, ತಖ್ತೆಯಲ್ಲಿ ಹಳೆಯ ದರ ಎಂಬ ವಿಪರೀತ ಹುಟ್ಟುವುದು ಹೀಗೆ.

ಊರಿನ ಹೆಸರಿನಂಥ ಸಣ್ಣ ವಿಷಯವೂ ತೊಡಕಾಗಬಲ್ಲದು. ಗ್ರಾಹಕರನ್ನು ಗುರುತಿಸಲು ಸಂಖ್ಯೆಯ ಬದಲು ಹೆಸರು ಮತ್ತು ಊರನ್ನೇ ಬಳಸಿದ ತಂತ್ರಾಂಶದಲ್ಲಿ ‘ಗುಲ್ಬರ್ಗ’ದ ಗಿರಾಕಿಯ ಬಾಕಿಯೂ ‘ಕಲಬುರಗಿ’ಯ ಅದೇ ಗಿರಾಕಿಯ ಜಮೆಯೂ ಎರಡು ಖಾತೆಗಳಾಗಿ ಒಡೆಯುತ್ತವೆ. ಗ್ರಾಹಕರ ರಾಜ್ಯವನ್ನು ಪ್ರತ್ಯೇಕ ಅಂಕಣದಲ್ಲಿ ಇಡದೆ ವಿಳಾಸದ ಸಾಲಿನಲ್ಲಿ ಬರೆದಿಟ್ಟಿದ್ದರೆ, ಉಮರ್ಗಾದ ಗಿರಾಕಿಗೆ ಅಂತರರಾಜ್ಯ ಜಿಎಸ್‌ಟಿ ಹಾಕಬೇಕೆಂಬುದು ಗಣಕಕ್ಕೆ ತಿಳಿಯುವ ಬಗೆಯೇ ಇಲ್ಲ. ಗುಮಾಸ್ತರ ನೆನಪೇ ಗತಿ. ಗಡಿಯೂರಿನ ವರ್ತಕರಿಗೆ ಇದು ದಿನನಿತ್ಯದ ಅಪಾಯ.

ಬೇಳೆಯ ಚೀಲ ಎತ್ತಿದ ಪ್ರಶ್ನೆ

ಎಲ್ಲಕ್ಕಿಂತ ಬೋಧಪ್ರದವಾದ ನಿದರ್ಶನವನ್ನು ಒದಗಿಸಿದುದು ತೊಗರಿಬೇಳೆಯೇ. ಜಿಎಸ್‌ಟಿಯ ಮೊದಲ ವರ್ಷಗಳಲ್ಲಿ ಬ್ರಾಂಡ್ ಹೆಸರಿನಲ್ಲಿ ಪೊಟ್ಟಣ ಕಟ್ಟಿ ಮಾರಿದ ಬೇಳೆಗೆ ಶೇ. 5 ತೆರಿಗೆಯಿದ್ದು, ಬ್ರಾಂಡ್ ಇಲ್ಲದ ಬೇಳೆಗೆ ವಿನಾಯಿತಿ ಇದ್ದಿತು. ಅದರಂತೆ ಅನೇಕ ತಂತ್ರಾಂಶಗಳಲ್ಲಿ ತೆರಿಗೆಯನ್ನು ಸರಕಿನ ಹೆಸರಿಗೇ ಕಟ್ಟಿಹಾಕುವುದು ಸಹಜವಾಗಿ ಕಂಡಿತು. ‘ತೊಗರಿಬೇಳೆ, ಬ್ರಾಂಡ್’ ಎಂದರೆ 5. ‘ತೊಗರಿಬೇಳೆ, ಸಾದಾ’ ಎಂದರೆ ಸೊನ್ನೆ.

18-7-2022ರಿಂದ ನಿಯಮ ಬದಲಾಯಿತು. ಬ್ರಾಂಡ್ ಇರಲಿ ಇಲ್ಲದಿರಲಿ, ಮುಂಚಿತವಾಗಿ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ, 25 ಕಿಲೋಗ್ರಾಂವರೆಗಿನ ಬೇಳೆಗೆ ಶೇ. 5 ತೆರಿಗೆ, 25 ಕಿಲೋಗ್ರಾಂ ಮೀರಿದ ಒಂದೇ ಚೀಲಕ್ಕೆ ತೆರಿಗೆ ಇಲ್ಲ. ಅದೇ ಬೇಳೆ, ಅದೇ ಮಿಲ್ಲು, ಅದೇ ದಿನ. ಆದರೂ 30 ಕಿಲೋ ಚೀಲಕ್ಕೊಂದು ಲೆಕ್ಕ, 1 ಕಿಲೋ ಪೊಟ್ಟಣಕ್ಕೊಂದು ಲೆಕ್ಕ. ಇನ್ನೂ ಸೂಕ್ಷ್ಮವಾದುದೆಂದರೆ, ಹತ್ತು ಕಿಲೋಗ್ರಾಂನ ಹತ್ತು ಪೊಟ್ಟಣಗಳನ್ನು ಒಂದು ದೊಡ್ಡ ಚೀಲದಲ್ಲಿ ಇಟ್ಟು ಮಾರಿದರೆ ಹೊರಚೀಲದ ತೂಕ 100 ಕಿಲೋ ಆದರೂ ಒಳಪೊಟ್ಟಣ 25 ಕಿಲೋ ಮೀರದ ಕಾರಣ ತೆರಿಗೆ ಅನ್ವಯಿಸುತ್ತದೆ. ಕಿರಾಣಿ ಅಂಗಡಿಯವರು ಚೀಲ ಬಿಚ್ಚಿ ಬಿಡಿಯಾಗಿ ತೂಗಿ ಮಾರಿದರೆ ಆ ಮಾರಾಟಕ್ಕೆ ತೆರಿಗೆ ಇಲ್ಲ.

ಇದನ್ನು ಸರಿಯಾಗಿ ಲೆಕ್ಕ ಹಾಕಬೇಕಾದರೆ ತಂತ್ರಾಂಶಕ್ಕೆ ಒಳಪೊಟ್ಟಣದ ತೂಕ ತಿಳಿದಿರಬೇಕು. ಪ್ರಮಾಣವನ್ನು ಕ್ವಿಂಟಾಲಿನಲ್ಲಿ ಮಾತ್ರ ದಾಖಲಿಸುವ ಹಳೆಯ ವಿನ್ಯಾಸದಲ್ಲಿ ಅದಕ್ಕೆ ಸ್ಥಳವೇ ಇಲ್ಲ. ಆಗ ನಡೆಯುವ ತೇಪೆ ಕೆಲಸವೆಂದರೆ ‘ತೊಗರಿಬೇಳೆ ಸಣ್ಣಚೀಲ’, ‘ತೊಗರಿಬೇಳೆ ದೊಡ್ಡಚೀಲ’ ಎಂದು ಎರಡು ಸರಕುಗಳನ್ನು ಹುಟ್ಟುಹಾಕುವುದು. ಬಿಲ್ಲು ಆ ದಿನಕ್ಕೆ ಸರಿಯಾಗುತ್ತದೆ. ಆದರೆ ದೊಡ್ಡ ಚೀಲವನ್ನು ಬಿಚ್ಚಿ ಸಣ್ಣ ಪೊಟ್ಟಣ ಕಟ್ಟಿದಾಗ ಒಂದು ಸರಕಿನ ದಾಸ್ತಾನು ಋಣಾಂಕಕ್ಕೆ ಇಳಿದು, ಇನ್ನೊಂದು ಕಾರಣವಿಲ್ಲದೆ ಉಬ್ಬುತ್ತದೆ. ತೆರಿಗೆಯ ತೊಂದರೆಯನ್ನು ದಾಸ್ತಾನಿನ ತೊಂದರೆಯಾಗಿ ಪರಿವರ್ತಿಸಿದಂತಾಗುತ್ತದೆಯೇ ಹೊರತು ಪರಿಹರಿಸಿದಂತಾಗುವುದಿಲ್ಲ.

ಸರಿಯಾದ ವಿನ್ಯಾಸವು ದರವನ್ನು ಸೂಚನೆಗಳೊಳಗೆ ಬರೆಯದೆ ಹೊರಗೆ ಒಂದು ಪಟ್ಟಿಯಲ್ಲಿ ಇಡುತ್ತದೆ. ಸರಕು, ಪೊಟ್ಟಣದ ಬಗೆ, ತೂಕದ ಮಿತಿ, ಜಾರಿಯ ದಿನಾಂಕ, ಮುಗಿಯುವ ದಿನಾಂಕ, ದರ ಎಂಬ ಅಂಕಣಗಳಿದ್ದರೆ ಸಾಕು. ದರ ಬದಲಾದಾಗ ಹಳೆಯ ಸಾಲನ್ನು ಅಳಿಸದೆ ಹೊಸ ಸಾಲನ್ನು ಸೇರಿಸಲಾಗುತ್ತದೆ. ಜುಲೈ 10ರಂದು ಮಾರಿದ ಮಾಲು ಆಗಸ್ಟಿನಲ್ಲಿ ಹಿಂದಿರುಗಿದರೆ ಜಮಾ ಚೀಟಿಯನ್ನು ಮೂಲ ಬಿಲ್ಲಿನ ದರದಲ್ಲಿಯೇ ಬರೆಯಬೇಕಾಗುತ್ತದೆ. ಹಳೆಯ ಸಾಲು ಉಳಿದಿದ್ದರೆ ಇದು ತಾನಾಗಿ ಆಗುತ್ತದೆ. ಅಳಿಸಿ ಬರೆದಿದ್ದರೆ ಆಗುವುದಿಲ್ಲ.

ಸವಕಳಿಯ ನಿಯಮಗಳು

ಈ ಸಂಗತಿಗಳು ಯಾವುದೋ ಒಂದು ಊರಿನ ಅಥವಾ ಒಬ್ಬ ತಂತ್ರಜ್ಞರ ದೌರ್ಬಲ್ಯವಲ್ಲ. ಮೀರ್ ಲೇಮನ್ ಮತ್ತು ಲಾಸ್ಲೊ ಬೆಲಾಡಿ ಎಂಬ ವಿದ್ವಾಂಸರು ಐಬಿಎಂ ಸಂಸ್ಥೆಯ ಓಎಸ್/360 ಎಂಬ ಬೃಹತ್ ತಂತ್ರಾಂಶದ ಬೆಳವಣಿಗೆಯನ್ನು ಅಧ್ಯಯನ ಮಾಡಿ 1970ರ ದಶಕದಲ್ಲಿ ಕೆಲವು ನಿಯಮಗಳನ್ನು ಮಂಡಿಸಿದರು. ಅವುಗಳಲ್ಲಿ ಎರಡು ಮುಖ್ಯ. ಬಳಕೆಯಲ್ಲಿರುವ ತಂತ್ರಾಂಶವು ಸದಾ ಬದಲಾಗುತ್ತಿರಬೇಕು, ಇಲ್ಲವಾದರೆ ಅದರ ಉಪಯುಕ್ತತೆ ಕುಗ್ಗುತ್ತದೆ. ಬದಲಾದಂತೆಲ್ಲ ಅದರ ಜಟಿಲತೆ ಹೆಚ್ಚುತ್ತದೆ, ಅದನ್ನು ತಗ್ಗಿಸಲೆಂದೇ ಪ್ರತ್ಯೇಕವಾಗಿ ಶ್ರಮಿಸದ ಹೊರತು. ಅಂದರೆ ಬದಲಾಯಿಸಿದರೂ ಕೇಡು, ಬದಲಾಯಿಸದಿದ್ದರೂ ಕೇಡು. ಬದಲಾಯಿಸಿದ ಮೇಲೆ ಅಚ್ಚುಕಟ್ಟು ಮಾಡುವುದೊಂದೇ ದಾರಿ.

ಡೇವಿಡ್ ಪಾರ್ನಸ್ ಅವರು 1994ರಲ್ಲಿ ತಂತ್ರಾಂಶಕ್ಕೂ ಮುಪ್ಪು ಬರುತ್ತದೆಂದು ಹೇಳಿ ಅದಕ್ಕೆ ಎರಡು ಕಾರಣಗಳನ್ನು ಗುರುತಿಸಿದರು. ಸುತ್ತಲಿನ ಜಗತ್ತು ಚಲಿಸಿದರೂ ತಂತ್ರಾಂಶ ಚಲಿಸದಿರುವುದು ಒಂದು. ಮೂಲ ವಿನ್ಯಾಸವನ್ನು ಅರಿಯದವರು ನಡೆಸುವ ಶಸ್ತ್ರಚಿಕಿತ್ಸೆ ಇನ್ನೊಂದು. ಮೊದಲನೆಯದಕ್ಕೆ ವರ್ತಕರಲ್ಲಿ ಸಾಕಷ್ಟು ಅನುಭವವಿದೆ. ಫಾಕ್ಸ್‌ಪ್ರೋ ಮತ್ತು ವಿಷುಯಲ್ ಬೇಸಿಕ್ 6ರಲ್ಲಿ ಬರೆದ ಬಿಲ್ಲಿಂಗ್ ತಂತ್ರಾಂಶಗಳು ಒಂದು ಕಾಲದಲ್ಲಿ ಎಲ್ಲೆಡೆ ಇದ್ದವು. ವಿಷುಯಲ್ ಬೇಸಿಕ್ 6ಕ್ಕೆ ತಯಾರಕರ ಬೆಂಬಲ 2008ರಲ್ಲಿ ಕೊನೆಗೊಂಡಿತು. ವಿಂಡೋಸ್ ಎಕ್ಸ್‌ಪಿಗೆ 2014ರಲ್ಲಿ. ಫಾಕ್ಸ್‌ಪ್ರೋದ ಕೊನೆಯ ಆವೃತ್ತಿಗೆ 2015ರಲ್ಲಿ. ಡಾಸ್ ಕಾಲದ ಕಾರ್ಯಕ್ರಮಗಳು 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ನಡೆಯುವುದೇ ಇಲ್ಲ. ಅಂಗಡಿಯ ಮೂಲೆಯಲ್ಲಿ ಒಂದು ಹಳೆಯ ಗಣಕಯಂತ್ರವನ್ನು ಅದೊಂದು ತಂತ್ರಾಂಶಕ್ಕಾಗಿಯೇ ಜೋಪಾನ ಮಾಡಬೇಕಾದ ಸ್ಥಿತಿ ಬಂದರೆ ಅದು ಇಂಥ ಮುಪ್ಪಿನ ಗುರುತು.

ವಾರ್ಡ್ ಕನ್ನಿಂಗ್‌ಹ್ಯಾಮ್ ಅವರು 1992ರಲ್ಲಿ ಇದನ್ನು ಸಾಲಕ್ಕೆ ಹೋಲಿಸಿದರು. ವರ್ತಕರಿಗೆ ಈ ಹೋಲಿಕೆ ಬೇಗ ಮನವರಿಕೆಯಾಗುತ್ತದೆ. ಅವಸರದ ತೇಪೆಯು ಕೈಗಡ ಪಡೆದಂತೆ. ಈ ತಿಂಗಳ ತಖ್ತೆ ಸಮಯಕ್ಕೆ ಸಲ್ಲಿಕೆಯಾಗಬೇಕಾದರೆ ಕೈಗಡ ಪಡೆಯುವುದು ತಪ್ಪಲ್ಲ. ಆದರೆ ಅಸಲನ್ನು ತೀರಿಸದೆ ಬಿಟ್ಟರೆ ಮುಂದಿನ ಪ್ರತಿ ಬದಲಾವಣೆಯಲ್ಲಿಯೂ ತಡ, ತಪ್ಪು, ಹೆಚ್ಚಿನ ಕೂಲಿ ಎಂಬ ರೂಪದಲ್ಲಿ ಬಡ್ಡಿ ತೆರಬೇಕಾಗುತ್ತದೆ. ಈ ಸಾಲವು ಜಮಾಖರ್ಚಿನ ಪಟ್ಟಿಯಲ್ಲಿ ಎಲ್ಲಿಯೂ ಕಾಣದಿರುವುದೇ ಇದರ ವಿಶೇಷ ಅಪಾಯ.

ಸತ್ತ ಸೂಚನೆಗಳು

ರದ್ದಾದ ನಿಯಮಗಳ ಲೆಕ್ಕವನ್ನು ತಂತ್ರಾಂಶದಿಂದ ತೆಗೆಯದೆ ಬಿಡುವುದೂ ಸಾಲದ ಒಂದು ಬಗೆ. 10 ಕೋಟಿ ರೂಪಾಯಿಗೂ ಮಿಗಿಲಾದ ವಹಿವಾಟಿನ ಮಾರಾಟಗಾರರು ಒಬ್ಬ ಖರೀದಿದಾರರಿಂದ ವರ್ಷದಲ್ಲಿ 50 ಲಕ್ಷ ಮೀರಿ ಪಡೆದ ಮೊತ್ತದ ಮೇಲೆ ಮೂಲದಲ್ಲಿ ತೆರಿಗೆ ವಸೂಲಿ ಮಾಡಬೇಕೆಂಬ ನಿಯಮವು 1-10-2020ರಂದು ಬಂದು 1-4-2025ರಿಂದ ರದ್ದಾಯಿತು. ಅನೇಕ ದಾಲ್ ಮಿಲ್ಲುಗಳು ಇದಕ್ಕಾಗಿ ತಂತ್ರಾಂಶ ಬದಲಾಯಿಸಬೇಕಾಗಿತ್ತು. ರದ್ದಾದ ಮೇಲೆ ಆ ಸೂಚನೆಗಳನ್ನು ತೆಗೆದುಹಾಕುವ ಬದಲು ಒಂದು ಗುರುತನ್ನು ಒತ್ತಿ ‘ನಿಷ್ಕ್ರಿಯ’ಗೊಳಿಸಿ ಬಿಡುವುದು ಸುಲಭ. ಮುಂದೊಮ್ಮೆ ಯಾರೋ ಆ ಗುರುತನ್ನು ಬೇರೆ ಕೆಲಸಕ್ಕೆ ಬಳಸಿದರೆ ಸತ್ತ ಲೆಕ್ಕ ಎದ್ದುನಿಲ್ಲುತ್ತದೆ.

ಇದು ಬರಿಯ ಊಹೆಯಲ್ಲ. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆಯಲ್ಲಿ 1-8-2012ರಂದು ನಡೆದುದು ಇದೇ. 2003ರಿಂದ ಬಳಕೆಯಲ್ಲಿಲ್ಲದ ಒಂದು ಕಾರ್ಯಭಾಗವನ್ನು ತಂತ್ರಾಂಶದಲ್ಲಿಯೇ ಬಿಟ್ಟಿದ್ದರು. ಅದನ್ನು ಚಾಲನೆ ಮಾಡುತ್ತಿದ್ದ ಗುರುತನ್ನು ಹೊಸದೊಂದು ಕೆಲಸಕ್ಕೆ ಮರುಬಳಸಿದರು. ಎಂಟು ಗಣಕಗಳಲ್ಲಿ ಏಳಕ್ಕೆ ಹೊಸ ತಂತ್ರಾಂಶ ಏರಿತು, ಒಂದಕ್ಕೆ ಏರಲಿಲ್ಲ. ಆ ಒಂದು ಗಣಕದಲ್ಲಿ ಹಳೆಯ ಭಾಗ ಜೀವ ತಳೆದು ತಡೆಯಿಲ್ಲದೆ ಷೇರುಗಳ ಆದೇಶಗಳನ್ನು ಕಳುಹಿಸಿತು. ಸುಮಾರು 45 ನಿಮಿಷಗಳಲ್ಲಿ ಆದ ನಷ್ಟ 44 ಕೋಟಿ ಡಾಲರಿಗೂ ಅಧಿಕ. ಸಂಸ್ಥೆ ಆ ಪೆಟ್ಟಿನಿಂದ ಸ್ವತಂತ್ರವಾಗಿ ಚೇತರಿಸಿಕೊಳ್ಳಲಿಲ್ಲ; ಮರುವರ್ಷ ಬೇರೊಂದು ಸಂಸ್ಥೆಯೊಡನೆ ವಿಲೀನವಾಯಿತು.

ಅಕ್ಷರಗಳ ಸಮಸ್ಯೆ

ಕನ್ನಡದಲ್ಲಿ ವ್ಯವಹರಿಸುವವರಿಗೆ ಇನ್ನೊಂದು ತೊಡಕು ಪರಿಚಿತ. 1990ರ ದಶಕದಲ್ಲಿಯೂ 2000ದ ದಶಕದಲ್ಲಿಯೂ ಗಣಕದಲ್ಲಿ ಕನ್ನಡವನ್ನು ಬಹುಮಟ್ಟಿಗೆ ಫಾಂಟಿನ ಆಕಾರಗಳ ರೂಪದಲ್ಲಿ ದಾಖಲಿಸಲಾಗುತ್ತಿತ್ತು. ಗಣಕದ ಒಳಗೆ ಉಳಿಯುತ್ತಿದ್ದುದು ಅಕ್ಷರವಲ್ಲ, ಅಕ್ಷರದ ಚಿತ್ರಗಳ ತುಣುಕುಗಳ ಸಂಕೇತ. ಆ ಫಾಂಟ್ ಇರುವ ಗಣಕದಲ್ಲಿ ಬರಹ ಚೆನ್ನಾಗಿ ಕಾಣುತ್ತಿತ್ತು. ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತಿತ್ತು. ಗಿರಾಕಿಗಳ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು, ಹುಡುಕುವುದು ಕಷ್ಟವಾಗುತ್ತಿತ್ತು. ಯೂನಿಕೋಡ್ ಶಿಷ್ಟತೆಯಲ್ಲಿ ಅಕ್ಷರಕ್ಕೇ ಸಂಕೇತವಿರುವುದರಿಂದ ಈ ತೊಂದರೆ ನಿವಾರಣೆಯಾಗುತ್ತದೆ. ಆದರೆ ಹಳೆಯ ರೂಪದಲ್ಲಿ ತುಂಬಿದ ಖಾತೆಗಳನ್ನು ಪರಿವರ್ತಿಸಿ, ಒತ್ತಕ್ಷರಗಳು ತಪ್ಪಿದೆಡೆ ಕೈಯಿಂದ ತಿದ್ದಬೇಕಾಗುತ್ತದೆ. ಕಾಣುವ ರೂಪವನ್ನೂ ಒಳಗಿನ ಮಾಹಿತಿಯನ್ನೂ ಬೆರೆಸಿದ ಒಂದು ವಿನ್ಯಾಸ ನಿರ್ಧಾರದ ಬಡ್ಡಿಯನ್ನು ಎರಡು ದಶಕಗಳ ನಂತರವೂ ತೆರಬೇಕಾಗಿ ಬಂದಿದೆ.

ಯಂತ್ರದ ಲೆಕ್ಕವೇ ಸತ್ಯವೆ?

ಸವೆದ ತಂತ್ರಾಂಶದ ಹಾನಿಯು ದುರಸ್ತಿಯ ವೆಚ್ಚದಲ್ಲಿ ಮುಗಿಯುವುದಿಲ್ಲ. ಬ್ರಿಟನ್ನಿನ ಅಂಚೆ ಇಲಾಖೆಯ ಶಾಖೆಗಳಲ್ಲಿ 1999ರಿಂದ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶವನ್ನು ಅಳವಡಿಸಲಾಯಿತು. ಶಾಖೆಗಳನ್ನು ನಡೆಸುತ್ತಿದ್ದವರಲ್ಲಿ ಹೆಚ್ಚಿನವರು ಸಣ್ಣ ಅಂಗಡಿಕಾರರು. ಗಣಕವು ಹಣ ಕಡಿಮೆಯಿದೆಯೆಂದು ತೋರಿಸಿದಾಗ ಅವರು ಸ್ವಂತ ಹಣದಿಂದ ತುಂಬಬೇಕಾಯಿತು. 700ಕ್ಕೂ ಹೆಚ್ಚು ಮಂದಿಗೆ ಕಳ್ಳತನ, ಸುಳ್ಳು ಲೆಕ್ಕ ಮುಂತಾದ ಆರೋಪಗಳಲ್ಲಿ ಶಿಕ್ಷೆಯಾಯಿತು. ಕೆಲವರು ಸೆರೆಮನೆ ಕಂಡರು. 2019ರ ಡಿಸೆಂಬರಿನಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯವು ಆ ತಂತ್ರಾಂಶದಲ್ಲಿಯೇ ದೋಷಗಳಿದ್ದವೆಂದೂ, ಅಂಗಡಿಕಾರರಿಗೆ ತಿಳಿಯದಂತೆ ದೂರದಿಂದ ಲೆಕ್ಕವನ್ನು ಬದಲಾಯಿಸಲು ಸಾಧ್ಯವಿತ್ತೆಂದೂ ತೀರ್ಪಿತ್ತಿತು. 2024ರಲ್ಲಿ ಆ ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದುಪಡಿಸಲು ಅಲ್ಲಿನ ಸಂಸತ್ತು ವಿಶೇಷ ಕಾಯಿದೆಯನ್ನೇ ಮಾಡಬೇಕಾಯಿತು.

ಅಂಗಡಿಯ ಗುಮಾಸ್ತರನ್ನು ಶಂಕಿಸುವ ಮುನ್ನ ಮಾಲೀಕರು ಈ ಪ್ರಕರಣವನ್ನು ನೆನೆಯುವುದು ಒಳಿತು. ಗಲ್ಲೆಯ ಹಣಕ್ಕೂ ಗಣಕದ ಲೆಕ್ಕಕ್ಕೂ ವ್ಯತ್ಯಾಸ ಬಂದಾಗ ತಪ್ಪು ಮನುಷ್ಯರದೇ ಎಂದು ಭಾವಿಸಬೇಕಾಗಿಲ್ಲ. ಯಾರು, ಯಾವಾಗ, ಏನನ್ನು ತಿದ್ದಿದರು ಎಂಬ ದಾಖಲೆ ತಂತ್ರಾಂಶದಲ್ಲಿ ಇದ್ದರೆ ನಿರಪರಾಧಿಗೆ ಅದೇ ರಕ್ಷಣೆ. ನೋಂದಾಯಿತ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಇಂಥ ತಿದ್ದುಪಡಿ ದಾಖಲೆ ಇರಲೇಬೇಕೆಂದು 1-4-2023ರಿಂದ ಭಾರತದಲ್ಲಿಯೂ ಕಡ್ಡಾಯವಾಗಿದೆ. ಪಾಲುದಾರಿಕೆ ಮತ್ತು ಏಕಮಾಲೀಕತ್ವದ ಸಂಸ್ಥೆಗಳಿಗೆ ಈ ಕಟ್ಟಳೆ ಇಲ್ಲದಿದ್ದರೂ ಅದನ್ನು ತಾವಾಗಿ ಅನುಸರಿಸುವುದು ಹಿತಕರ.

ಸವಕಳಿಯ ಲಕ್ಷಣಗಳು

ತಂತ್ರಾಂಶದ ಒಳಗನ್ನು ಓದಲು ಬಾರದವರೂ ಕೆಲವು ಲಕ್ಷಣಗಳಿಂದ ಅದರ ಆರೋಗ್ಯವನ್ನು ಅಳೆಯಬಹುದು. ಸಣ್ಣ ಬದಲಾವಣೆಗೆ ಹಿಂದಿಗಿಂತ ಹೆಚ್ಚು ದಿನ ಹಿಡಿಯುವುದು ಒಂದು. ಒಂದನ್ನು ತಿದ್ದಿದಾಗ ಸಂಬಂಧವಿಲ್ಲದ ಇನ್ನೊಂದು ಕೆಡುವುದು ಎರಡು. ಒಂದೇ ಮಾಹಿತಿಯನ್ನು ಎರಡು ಕಡೆ ತುಂಬಬೇಕಾಗುವುದು, ಎರಡು ತಖ್ತೆಗಳ ಮೊತ್ತ ತಾಳೆಯಾಗದಿರುವುದು ಮೂರು. ‘ಇದನ್ನು ಮುಟ್ಟಬೇಡಿ, ಹೇಗೋ ನಡೆಯುತ್ತಿದೆ’ ಎಂದು ತಂತ್ರಜ್ಞರೇ ಹೇಳುವುದು ನಾಲ್ಕು. ಒಬ್ಬರೇ ಒಬ್ಬರಿಗೆ ಮಾತ್ರ ಅದರ ಮರ್ಮ ತಿಳಿದಿದ್ದು, ಅವರು ಊರಲ್ಲಿಲ್ಲದ ದಿನ ಕೆಲಸ ನಿಲ್ಲುವುದು ಐದು. ಇವುಗಳಲ್ಲಿ ಮೂರು ಕಂಡರೆ ವಿಳಂಬಿಸದೆ ವಿಚಾರಿಸುವುದು ಮೇಲು.

ಕೈಗೊಳ್ಳಬೇಕಾದ ಕ್ರಮಗಳು

ಮೊದಲನೆಯದಾಗಿ, ತಂತ್ರಾಂಶವನ್ನು ಒಮ್ಮೆ ಕೊಳ್ಳುವ ವಸ್ತುವೆಂದು ಎಣಿಸದೆ, ಲಾರಿ ಅಥವಾ ಮಿಲ್ಲಿನಂತೆ ಪಾಲನೆ ಬೇಡುವ ಆಸ್ತಿಯೆಂದು ಎಣಿಸಬೇಕು. ಹೊಸ ಸೌಲಭ್ಯಗಳಿಗೆ ಹಣ ಕೊಡುವಾಗ ಹಳೆಯದನ್ನು ಅಚ್ಚುಕಟ್ಟು ಮಾಡಲು ಪ್ರತ್ಯೇಕವಾಗಿ ಒಂದು ಪಾಲನ್ನು ಗೊತ್ತುಮಾಡಬೇಕು. ಮಿಲ್ಲಿನಲ್ಲಿ ಸುಗ್ಗಿಗೆ ಮುಂಚೆ ಪಟ್ಟಿ, ಬೇರಿಂಗುಗಳನ್ನು ನೋಡಿಕೊಳ್ಳುವಂತೆ, ತೊಗರಿಯ ಆವಕ ಏರುವುದಕ್ಕೆ ಮುನ್ನ, ಬಿಡುವಿರುವ ತಿಂಗಳುಗಳಲ್ಲಿ ಈ ಕೆಲಸ ಮುಗಿಸಬಹುದು.

ಎರಡನೆಯದಾಗಿ, ಬರೆಸುವಾಗಲೇ ಕರಾರಿನಲ್ಲಿ ಮೂರು ಅಂಶಗಳನ್ನು ಸೇರಿಸಬೇಕು: ಮೂಲ ಸೂಚನೆಗಳ ಪ್ರತಿ ವರ್ತಕರ ವಶದಲ್ಲಿರತಕ್ಕದ್ದು, ಕೋಷ್ಟಕಗಳ ವಿವರಣೆಯನ್ನು ಬರಹದಲ್ಲಿ ಕೊಡತಕ್ಕದ್ದು, ಎಲ್ಲ ಮಾಹಿತಿಯನ್ನೂ ಸಾಮಾನ್ಯ ಪಟ್ಟಿಯ ರೂಪದಲ್ಲಿ ಹೊರತೆಗೆಯುವ ಅನುಕೂಲವಿರತಕ್ಕದ್ದು. ಸಿದ್ಧ ತಂತ್ರಾಂಶ ಕೊಳ್ಳುವವರಿಗೂ ಮೂರನೆಯ ಅಂಶ ಅನ್ವಯಿಸುತ್ತದೆ. ಮಾಹಿತಿ ಕೈಯಲ್ಲಿದ್ದರೆ ತಂತ್ರಾಂಶವನ್ನು ಬದಲಾಯಿಸಬಹುದು. ಇಲ್ಲದಿದ್ದರೆ ತಂತ್ರಾಂಶಕ್ಕೆ ವರ್ತಕರೇ ಒತ್ತೆ.

ಮೂರನೆಯದಾಗಿ, ಬದಲಾಗುವುದನ್ನೂ ಬದಲಾಗದುದನ್ನೂ ಬೇರ್ಪಡಿಸಬೇಕು. ದರಗಳು, ಶುಲ್ಕಗಳು, ಮಿತಿಗಳು, ಊರಿನ ಹೆಸರುಗಳು ಬದಲಾಗುವಂಥವು. ಅವು ದಿನಾಂಕ ಸಹಿತ ಪಟ್ಟಿಗಳಲ್ಲಿ ಇರಲಿ. ಗಿರಾಕಿ, ಸರಕು, ತೂಕ, ಹಣ ಎಂಬ ಮೂಲ ಸಂಗತಿಗಳು ಬದಲಾಗುವುದಿಲ್ಲ. ಅವುಗಳಿಗೆ ಸ್ಥಿರವಾದ ಸಂಖ್ಯೆಗಳಿರಲಿ.

ನಾಲ್ಕನೆಯದಾಗಿ, ಪ್ರತಿ ಬದಲಾವಣೆಯ ನಂತರ ಹತ್ತಿಪ್ಪತ್ತು ಹಳೆಯ ಬಿಲ್ಲುಗಳನ್ನು ಮತ್ತೆ ಲೆಕ್ಕ ಹಾಕಿಸಿ ಮೊದಲಿನ ಮೊತ್ತಕ್ಕೆ ತಾಳೆ ನೋಡಬೇಕು. ಆ ಕಟ್ಟಿನಲ್ಲಿ ರಾಜ್ಯದೊಳಗಿನದು, ಹೊರಗಿನದು, ಸಣ್ಣ ಪೊಟ್ಟಣ, ದೊಡ್ಡ ಚೀಲ, ಹಿಂದಿರುಗಿದ ಮಾಲು ಹೀಗೆ ಎಲ್ಲ ಬಗೆಯೂ ಇರಲಿ. ಇದಕ್ಕೆ ತಾಂತ್ರಿಕ ಜ್ಞಾನ ಬೇಕಾಗಿಲ್ಲ. ಲೆಕ್ಕ ಬಲ್ಲ ಗುಮಾಸ್ತರೊಬ್ಬರ ಅರ್ಧ ದಿನ ಸಾಕು.

ಕೊನೆಯದಾಗಿ, ಎಲ್ಲವನ್ನೂ ಕೆಡವಿ ಹೊಸದಾಗಿ ಬರೆಸುವ ನಿರ್ಧಾರವನ್ನು ಎಚ್ಚರಿಕೆಯಿಂದ ಮಾಡಬೇಕು. ಹಳೆಯ ತಂತ್ರಾಂಶದಲ್ಲಿ ವರ್ಷಗಳ ವ್ಯವಹಾರಜ್ಞಾನ ಅಡಗಿರುತ್ತದೆ. ಒಂದೊಂದೇ ಭಾಗವನ್ನು, ಮೊದಲು ದರಪಟ್ಟಿ, ನಂತರ ಗಿರಾಕಿಗಳ ಪಟ್ಟಿ, ನಂತರ ದಾಸ್ತಾನು ಎಂಬಂತೆ ಬದಲಿಸುವುದು ಸುರಕ್ಷಿತ. ಪೂರ್ಣವಾಗಿ ಬದಲಿಸಲೇಬೇಕಾದರೆ ಆರ್ಥಿಕ ವರ್ಷದ ಆರಂಭದಿಂದ ಬದಲಿಸಿ, ಕೆಲವು ವಾರ ಮಾತ್ರ ಎರಡನ್ನೂ ನಡೆಸಿ ತಾಳೆ ನೋಡಿ, ಗೊತ್ತುಮಾಡಿದ ದಿನದಂದು ಹಳೆಯದನ್ನು ನಿಲ್ಲಿಸಿಬಿಡಬೇಕು. ಎರಡು ಪಹಣಿಗಳಿಗೆ ‘ಭೂಮಿ’ ಯೋಜನೆ ಅವಕಾಶ ಕೊಡದ ಕಾರಣವೇ ಇಲ್ಲಿಯೂ ಸಲ್ಲುತ್ತದೆ.

ತೆರಿಗೆಯ ದರಗಳು ಮುಂದೆಯೂ ಬದಲಾಗುತ್ತವೆ. ಯಾವ ದಿನ, ಎಷ್ಟು ಎಂಬುದು ವರ್ತಕರ ಕೈಯಲ್ಲಿಲ್ಲ. ಆ ದಿನ ಬಂದಾಗ ಖಜೂರಿಯ ಅಂಗಡಿಯಲ್ಲಿ ಒಂದು ಪಟ್ಟಿಗೆ ಒಂದು ಸಾಲು ಸೇರಿಸಿದರೆ ಸಾಕೋ, ಅಥವಾ ತಂತ್ರಜ್ಞರ ದಾರಿ ಕಾಯುತ್ತ ಲಾರಿಯನ್ನು ನಿಲ್ಲಿಸಿಕೊಳ್ಳಬೇಕೋ ಎಂಬುದು ಮಾತ್ರ ಇಂದಿನ ವ್ಯವಸ್ಥೆಯನ್ನು ಅವಲಂಬಿಸಿದೆ.